ಮಲ್ಲಟದ ಬಡಿತ

ಮಾನ್ವಿಗೆ ಬಂದ ಮರುದಿನ ಬೆಳಿಗ್ಗೆ ಬಕೆಟ್ಟಿನ ನೀರು ತಾನಾಗಿ ನಡುಗತೊಡಗಿತು. ಭೂಕಂಪವೆಂದು ಲುಂಗಿಯಲ್ಲೇ ಮೆಟ್ಟಿಲಿಳಿದು ಓಡಿದೆ. ಬೀದಿಯಲ್ಲಿ ಆಳೆತ್ತರದ ಸ್ಪೀಕರ್ ಬಾಕ್ಸುಗಳನ್ನು ಹೇರಿಕೊಂಡ ಟ್ರ್ಯಾಕ್ಟರೊಂದು ಮದುವೆ ಮೆರವಣಿಗೆಯ ಮುಂದೆ ತೆವಳುತ್ತಿತ್ತು. ಮನೆಯ ಒಡತಿ ಮೆಹರುನ್ನಿಸಾ ಬಾಗಿಲಲ್ಲಿ ನಿಂತು ನಕ್ಕರು.

"ಡೀಜೆ ಅದ ಮಾಸ್ತರ್ ಸಾಬ್. ಅಂಜಬ್ಯಾಡ್ರಿ, ನನ್ನ ಮಗಂದೇ."

ನಮ್ಮ ಕುಂದಾಪುರದ ಕಡೆ ಇಂಥ ಸದ್ದಾದರೆ ಕಿಟಕಿ ಹಾಕಿಕೊಂಡು ಬೈಯುತ್ತೇವೆ. ಇಲ್ಲಿ ಬಾಗಿಲು ತೆರೆದು ಹೊರಗೆ ಬರುತ್ತಾರೆ.

ಸರ್ಕಾರಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಲು ಬಂದ ನಾನು, ನಿಜ ಹೇಳಬೇಕೆಂದರೆ, ವರ್ಗಾವಣೆಯ ಅರ್ಜಿ ಬರೆದಿಟ್ಟುಕೊಂಡೇ ಬಂದಿದ್ದೆ. ಸುತ್ತಲೂ ಕಣ್ಣು ಹಾಯುವಷ್ಟು ಭತ್ತ, ಕುಚ್ಚಲಕ್ಕಿ ಮಾತ್ರ ಒಂದು ಹಿಡಿಯೂ ಸಿಗದು. ಬೆಳಿಗ್ಗೆ ವಗ್ಗಾಣಿ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ, ಜೊತೆಗೆ ಕಣ್ಣೀರು ತರಿಸುವ ಮಿರ್ಚಿ. ಭಾನುವಾರಗಳಂತೂ ಮುಗಿಯುತ್ತಲೇ ಇರಲಿಲ್ಲ. ಮಾತಿಗೆ ಜನವಿಲ್ಲದೆ, ಬಾಕ್ಸು ಬಾಡಿಗೆಗೆ ಕೊಡುವ ಒಡತಿಯ ಮಗ ಇರ್ಫಾನನ ಗೋದಾಮಿನಲ್ಲಿ ಹೋಗಿ ಕೂರುತ್ತಿದ್ದೆ.

ಲ್ಯಾಪ್‌ಟಾಪಿನಲ್ಲಿ ಸದ್ದನ್ನು ಕತ್ತರಿಸಿ ಜೋಡಿಸುವುದನ್ನು ನಾನು ತೋರಿಸಿದೆ. ಯಾವ ಸದ್ದಿಗೆ ಯಾರ ಕಾಲು ಏಳುತ್ತದೆಂದು ಅವನು ಕಲಿಸಿದ. ಅಕ್ಕಿ ಗಿರಣಿ, ಬಸ್‌ಸ್ಟ್ಯಾಂಡಿನ ಕೂಗು, ಕಾಲುವೆ ನೀರು, ಸಿಕ್ಕಿದ್ದನ್ನೆಲ್ಲ ರೆಕಾರ್ಡು ಮಾಡಿ ಕುಣಿತದ ಟ್ರ್ಯಾಕು ಕಟ್ಟಿದೆವು. ನಮ್ಮ ಜೋಡಿಗೆ 'ಎರಡ್ನೇ ಬೆಳಿ' ಎಂದು ಹೆಸರಿಟ್ಟವನು ಅವನೇ. ಕಾಲುವೆಗೆ ನೀರು ಬಂದರೆ ಇಲ್ಲಿ ವರ್ಷಕ್ಕೆ ಎರಡು ಸಲ ಭತ್ತ. ಗಿಲ್ಲೆಸುಗೂರಿನ ಒಂದು ಮದುವೆಯ ವಿಡಿಯೊ ಫೋನಿಂದ ಫೋನಿಗೆ ಹಾರಿತು. ಆಮೇಲೆ ರಾಯಚೂರಿನಲ್ಲಿ ನಮ್ಮ ಬಿಡುವು ಕೇಳಿ ಮದುವೆಯ ದಿನ ಗೊತ್ತುಮಾಡುವವರೂ ಹುಟ್ಟಿಕೊಂಡರು. ನನಗೆ ಕೊಂಬು ಬಂದಿತ್ತು.

ಆಗಲೇ ದೇವದುರ್ಗದ ಮದುವೆ. ಹಿಂದಿನ ವಾರ ಬಸ್ಸು ಮಲ್ಲಟದಲ್ಲಿ ನಿಂತಾಗ ಎಲ್ಲಿಂದಲೋ ಹಲಗಿಯ, ಅಂದರೆ ತಮಟೆಯ, ಬಡಿತ ಕೇಳಿತ್ತು. ಕಿಟಕಿಯಿಂದಲೇ ರೆಕಾರ್ಡು ಮಾಡಿಕೊಂಡು, ವೇಗ ಹೆಚ್ಚಿಸಿ, ಟ್ರ್ಯಾಕು ಮಾಡಿದ್ದೆ. ಅದನ್ನು ಹಚ್ಚಿದ್ದೇ ತಡ, ಹುಡುಗರು ಕುಣಿದರು. ಹಿರಿಯರು ಒಬ್ಬೊಬ್ಬರೇ ಎದ್ದು ನಿಂತರು. ಮದುಮಗಳ ಅಜ್ಜಿ ಬಂದು ಇರ್ಫಾನನ ಕೈ ಹಿಡಿದರು.

"ಬಂದ್ ಮಾಡಪ್ಪಾ. ಇದು ಹೆಣದ ಮುಂದ ಬಡಿಯೋದು."

ನಮ್ಮ ಮನೆಗಳಲ್ಲಿ ಸಾವಾದರೆ ಸದ್ದಡಗುತ್ತದೆ. ಇಲ್ಲಿ ಹಲಗಿ ಬಡಿದು ಕಳಿಸಿಕೊಡುತ್ತಾರೆ, ಅದಕ್ಕೆಂದೇ ಬೇರೆ ಬಡಿತ. ನನಗೆ ಗೊತ್ತಿರಲಿಲ್ಲ, ಯಾರನ್ನೂ ಕೇಳಲೂ ಇಲ್ಲ. ನಾಚಿ ಲ್ಯಾಪ್‌ಟಾಪು ಮುಚ್ಚಿದೆ.

"ಬಡಿತ ಓಡಿಸಿದ ಮ್ಯಾಲೆ ನನಗೂ ಗುರ್ತ ಸಿಗಲಿಲ್ಲಲ್ರೀ ಸರ್," ಎಂದ ಇರ್ಫಾನ್. "ಇನ್ನ ನಮ್ಮನ್ನ ಮದುವಿಗೆ ಯಾರು ಕರೀತಾರ?"

ವಾರದೊಳಗೆ ಕರೆದವರೆಲ್ಲ ಬೇಡವೆಂದರು. ನಾನಾದರೆ ಅರ್ಜಿ ಕೊಟ್ಟು ಊರಿಗೆ ಹೋಗಬಹುದಿತ್ತು. ಅವನು ಎಲ್ಲಿಗೆ ಹೋಗುವುದು?

ಇಬ್ಬರೂ ಮಲ್ಲಟಕ್ಕೆ ಹೋದೆವು. ಅಂದು ಹಲಗಿ ಬಡಿದವರು ದುರುಗಪ್ಪ, ಎಪ್ಪತ್ತು ದಾಟಿದವರು. ತಪ್ಪು ಹೇಳಿಕೊಂಡೆವು. ಅವರು ಟ್ರ್ಯಾಕನ್ನು ಪೂರ್ತಿ ಕೇಳಿ ನಕ್ಕುಬಿಟ್ಟರು.

"ಹೆಣಾನ ಓಡಿಸಿಬಿಟ್ರಲ್ರೀ ಮಾಸ್ತರ."

ಆಮೇಲೆ ಹಲಗಿಯನ್ನು ಬೆಂಕಿಗೆ ಹಿಡಿದು ಕಾಸಿ, ಮದುವೆಯ ಬಡಿತ ಬಾರಿಸಿ ತೋರಿಸಿದರು. ಅದನ್ನೂ ರೆಕಾರ್ಡು ಮಾಡಿಕೊಂಡೆವು. ಹೊರಡುವಾಗ ನನ್ನ ಭುಜ ಹಿಡಿದು ಹೇಳಿದರು: "ಹಳೇದನ್ನ ಅಳಸಬ್ಯಾಡ್ರಿ. ನಾ ಹೋದ ದಿನ ನೀವಿಬ್ರೂ ಬಂದು ಹಚ್ಚಬೇಕು. ಓಡಿಸಬ್ಯಾಡ್ರಿ, ಸಾವಕಾಶ."

"ಆಗಲಿ ಯಪ್ಪಾ," ಎಂದುಬಿಟ್ಟೆ.

ಹೊಸ ಟ್ರ್ಯಾಕನ್ನು ಮೊದಲು ದೇವದುರ್ಗದ ಆ ಅಜ್ಜಿಗೇ ಕೇಳಿಸಿದೆವು. ಕೂತಲ್ಲೇ ಪಾದ ಆಡಿಸಿದರು. ಆ ಸುದ್ದಿ ನಮಗಿಂತ ಮೊದಲು ಮಾನ್ವಿ ಮುಟ್ಟಿತು, ಕರೆಗಳು ಮತ್ತೆ ಬಂದವು. ಈಗ ಮಂಗಳೂರಿನಿಂದಲೂ ಆಹ್ವಾನ ಬಂದಿದೆ. ಪೋಸ್ಟರಿನಲ್ಲಿ 'ರಾಯಚೂರಿನ ಜೋಡಿ' ಎಂದಿದೆ. ನೋಡಿದ ಅಕ್ಕ ಫೋನು ಮಾಡಿ, "ನೀ ಯಾವಾಗ ರಾಯಚೂರಿನವ ಆದ್ದ್ ಮಾರಾಯ?" ಎಂದಳು. ಇಲ್ಲಿಯವರಿಗೆ ನಾನು ಇಂದಿಗೂ ಕುಂದಾಪುರದ ಮಾಸ್ತರ.

ಮಲ್ಲಟದ ಮೇಲೆ ಹೋಗುವಾಗಲೆಲ್ಲ ದುರುಗಪ್ಪನವರ ಮನೆಗೆ ಇಣುಕುತ್ತೇನೆ. "ಇನ್ನಾ ಇದ್ದೀರೇನ್ರೀ ಮಾಸ್ತರ?" ಎನ್ನುತ್ತಾರೆ.

"ನೀವೂ ಇದ್ದೀರಲ್ಲ ಯಪ್ಪಾ," ಎನ್ನುತ್ತೇನೆ.

ಅರ್ಜಿ ಇನ್ನೂ ಚೀಲದಲ್ಲೇ ಇದೆ.