ಎಲ್ಲ ಬಂದ್ವಿ ಎಂದ ಸಂಜೆ

ನನ್ನ ತಂಗಿ ಕಾಫಿ ತೋಟದಲ್ಲಿ ಹಾವು ಕಚ್ಚಿ ಸತ್ತಳು. ಆ ಸಂಜೆ ನಾನು ಒಂದು ಮಾತು ಹೇಳಿದ್ದೆ. ಅದು ನಿಜವೋ ಸುಳ್ಳೋ ಎಂದು ಇಷ್ಟು ವರ್ಷ ಯಾರನ್ನೂ ಕೇಳಿರಲಿಲ್ಲ. ಹೋದ ಮಳೆಗಾಲ ಮುಗಿದ ಮೇಲೆ ಒಬ್ಬ ಹುಡುಗಿಯನ್ನು ಕೇಳಿದೆ.

ಅವಳು ಓದುವ ಹುಡುಗಿ. ಕಳಸದ ಹತ್ತಿರ ನಮ್ಮ ಧಣಿಗಳ ಹೋಂಸ್ಟೇಯಲ್ಲಿ ಒಂದು ತಿಂಗಳು ಉಳಿದಿದ್ದಳು. ಜನ ಆಡುವ ಮಾತಿನ ಅರ್ಥವನ್ನು ಕಂಪ್ಯೂಟರಿಗೆ ತಿಳಿಯುವ ಹಾಗೆ ಮಾಡುವುದು ಅವಳ ಓದಂತೆ. ಪುಸ್ತಕದ ಮಾತು ಬೇಡ, ಇಲ್ಲಿಯವರ ಮಾತು ಬೇಕು ಎಂದು ನನ್ನನ್ನು ಹಿಡಿದಳು. ನಾನು ಸೊಂಟ ಹೋಗಿ ಕೆಲಸ ಬಿಟ್ಟವಳು, ತೋಟದ ಆಳುಗಳ ಲೈನು ಮನೆಯ ಜಗಲಿಯಲ್ಲಿ ಕೂತಿರುವವಳು. ಬೇಡ ಎನ್ನಲು ನೆಪ ಸಿಗಲಿಲ್ಲ.

ದಿನಾ ಒಂದಷ್ಟು ಚಿತ್ರ ತೋರಿಸುತ್ತಿದ್ದಳು. ಐದು ಹೆಂಗಸರು, ನಾಲ್ವರ ತಲೆಯ ಮೇಲೆ ಚೀಲ. ‘ಎಲ್ಲರೂ ಚೀಲ ಹೊತ್ತಿದ್ದಾರೆ’, ಸರಿಯೋ ತಪ್ಪೋ? ತಪ್ಪು ಎಂದರೆ ಬರೆದುಕೊಳ್ಳುವಳು. ಇದಕ್ಕೂ ಸಂಬಳ ಕೊಡುತ್ತಾರಲ್ಲ ಎಂದುಕೊಂಡೆ.

ಒಂದು ದಿನ ಕೇಳಿದಳು, “ಅಜ್ಜಿ, ‘ನಿಮ್ಮ ಮನೇಲಿರೋ ಆನೆಗಳೆಲ್ಲ ಮಲಗಿವೆ.’ ಸರಿಯಾ ತಪ್ಪಾ?”

“ನಮ್ಮನೇಲಿ ಆನೆ ಎಲ್ಲಿದೆ ಮಾರಾಯ್ತಿ?”

“ಇಲ್ವಲ್ಲ, ಅದಕ್ಕೇ ಸರಿ. ಮಲಗದೇ ಇರೋ ಆನೆ ಒಂದನ್ನಾದ್ರೂ ತೋರಿಸಿ ನೋಡೋಣ?”

“ನಿನ್ನ ಕಂಪ್ಯೂಟರನ್ನ ಒಂದ್ಸಲ ಗದ್ದೆ ಹತ್ರ ಕರ್ಕೊಂಡು ಬಾ. ಮಲಗದೇ ಇರೋದು ಬೇಕಾದಷ್ಟಿದೆ.”

ಅವಳು ನಕ್ಕು, ಮಾತು ಹೇಗೆ ಕೆಲಸ ಮಾಡುತ್ತದೆ ಎಂದು ಬಿಡಿಸಿ ಹೇಳಿದಳು. ಒಂದೊಂದು ಮಾತೂ ಒಂದೊಂದು ಮಿಷನ್ನಿನ ಹಾಗೆ. ‘ಎಲ್ಲ’ ಅನ್ನುವ ಮಿಷನ್ನಿಗೆ ಎರಡು ಬಾಯಿ. ಒಂದಕ್ಕೆ ಯಾರು ಯಾರು ಎಂದು ಪಟ್ಟಿ ಹಾಕಬೇಕು, ಇನ್ನೊಂದಕ್ಕೆ ಏನು ಮಾಡಿದರು ಎಂದು ಹಾಕಬೇಕು. ಒಳಗೆ ತಿರುಗಿ ಸರಿ ಅಥವಾ ತಪ್ಪು ಎಂದು ಹೊರಗೆ ಬರುತ್ತದೆ. ನಮ್ಮ ಪಲ್ಪರಿಗೆ ಕಾಫಿ ಹಣ್ಣು ಹಾಕಿದರೆ ಬೀಜ ಬೇರೆ ಸಿಪ್ಪೆ ಬೇರೆ ಆಗುವ ಹಾಗೆ. ಅಷ್ಟು ನನಗೆ ತಿಳಿಯಿತು.

“ಆ ಪಟ್ಟಿ ಯಾರು ಹಾಕೋದು?” ಎಂದೆ.

“ಮಾತಾಡೋರು ಮನಸ್ಸಲ್ಲೇ ಹಾಕ್ಕೊಂಡಿರ್ತಾರೆ ಅಜ್ಜಿ. ಬಾಯಿಬಿಟ್ಟು ಹೇಳಲ್ಲ. ನಮಗೆ ಕಷ್ಟ ಆಗೋದೇ ಅಲ್ಲಿ.”

ಮಾರನೆಯ ದಿನ ಅವಳು ಚಿತ್ರ ತೆಗೆಯುವ ಮೊದಲೇ ತಂಗಿಯ ವಿಷಯ ಹೇಳಿದೆ.

ಆಗ ಹಣ್ಣು ಕುಯ್ಯಲು ಎರಡು ಗುಂಪು. ಲೈನು ಮನೆಯವರದು ಒಂದು, ಅದಕ್ಕೆ ನಾನು ಮುಂದಾಳು. ಸಂಸೆಯಿಂದ ಜೀಪಿನಲ್ಲಿ ಬರುವವರದು ಇನ್ನೊಂದು. ಒಂದು ಗುಂಪಿಗೆ ಕೈ ಸಾಲದಿದ್ದರೆ ಇನ್ನೊಂದರಿಂದ ಒಂದು ಆಳನ್ನು ಆ ದಿನದ ಮಟ್ಟಿಗೆ ಕೊಡುವುದು ಪದ್ಧತಿ. ಹೋದವಳು ಆ ದಿನ ಅವರ ಆಳು. ಕೆಲಸ ಮುಗಿದ ಮೇಲೆ ಅವಳಾಗಿಯೇ ನಮ್ಮ ಕಡೆ ನಡೆದು ಬರುತ್ತಿದ್ದಳು. ನಡುವೆ ಅವಳು ಯಾರ ಹೊಣೆ ಎಂದು ಯಾರೂ ಕೂತು ಮಾತಾಡಿರಲಿಲ್ಲ.

ತಂಗಿ ಗಂಡನನ್ನು ಬಿಟ್ಟು ಬಂದು ನನ್ನ ಜೊತೆಗೇ ಇದ್ದಳು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಆ ಬೆಳಿಗ್ಗೆ ಚೀಲ ಬೇಗ ತುಂಬಲಿ ಎಂದು ಹಸಿರು ಕಾಯನ್ನೂ ಸೇರಿಸಿ ಕಿತ್ತಿದ್ದಳು.

“ಏನೇ ಇದು? ಮೇಸ್ತ್ರಿ ಉಗಿಯೋದು ನಂಗೆ.”

“ಉಗಿಸ್ಕೊಳ್ಳಕ್ಕೇ ಅಲ್ವಾ ಅಕ್ಕ ನೀನು ಮುಂದೆ ನಿಂತಿರೋದು?”

ಹೆಂಗಸರೆಲ್ಲ ನಕ್ಕರು. ನನಗೆ ಉರಿಯಿತು. ಅಷ್ಟರಲ್ಲಿ ಸಂಸೆಯವರು ಒಂದು ಆಳು ಕೇಳಿದರು. “ಇವಳನ್ನೇ ಕರ್ಕೊಂಡು ಹೋಗಿ. ಇವತ್ತು ಇವಳು ನಮ್ಮವಳಲ್ಲ” ಎಂದೆ. ಅವಳು ಚೀಲ ಕೊಡವಿಕೊಂಡು ಹೋದಳು. ತಿರುಗಿ ನೋಡಲಿಲ್ಲ.

ಸಂಜೆ ಕಣದಲ್ಲಿ ತೂಕ ಆದ ಮೇಲೆ ಮೇಸ್ತ್ರಿ ಕೂಗಿದ, “ಸಂಸೆಯವ್ರು?”

“ಎಲ್ಲ ಬಂದ್ವಿ” ಎಂದಳು ಅವರ ಮುಂದಾಳು.

“ಲೈನಿನವ್ರು?”

“ಎಲ್ಲ ಬಂದ್ವಿ” ಎಂದೆ ನಾನು.

ಜೀಪು ಹೋಯಿತು. ತಂಗಿ ಮನೆಗೆ ಬರಲಿಲ್ಲ. ಸಂಸೆಯಲ್ಲಿ ನಮ್ಮ ಚಿಕ್ಕಮ್ಮ ಇದ್ದಳು. ಮುನಿಸಿಕೊಂಡು ಜೀಪು ಹತ್ತಿ ಅಲ್ಲಿಗೆ ಹೋಗಿದ್ದಾಳೆ ಎಂದು ಅವಳ ಪಾಲಿನ ಅನ್ನಕ್ಕೆ ನೀರು ಹಾಕಿಟ್ಟೆ. ಬೆಳಿಗ್ಗೆ ಜೀಪು ಬಂದಾಗ ಅವಳು ಅದರಲ್ಲಿ ಇರಲಿಲ್ಲ. “ಅಕ್ಕನ ಜೊತೆ ಹೋಗಿರ್ತಾಳೆ ಅಂದ್ಕೊಂಡ್ವಿ” ಎಂದರು ಅವರು.

ಅವರು ಕುಯ್ದ ಕಡೆಯಿಂದ ಬರುವ ದಾರಿಯಲ್ಲಿ, ಹಳ್ಳದ ಈಚೆ ಸಿಕ್ಕಳು. ಕೊಳಕುಮಂಡಲ ಕಚ್ಚಿತ್ತು. ಕಾಲು ತೊಡೆಯವರೆಗೆ ಊದಿತ್ತು. ನಮ್ಮ ಲೈನಿನ ಕಡೆಗೆ ತೆವಳಿಕೊಂಡು ಬಂದ ಗುರುತು ತರಗೆಲೆಯ ಮೇಲೆ ಹಾಗೆಯೇ ಇತ್ತು. ಸಂಜೆಯೇ ತಂದಿದ್ದರೆ ಉಳಿಯುತ್ತಿದ್ದಳೇನೋ ಎಂದರು ಡಾಕ್ಟರು. ಅದನ್ನು ಅವರು ಹೇಳದೆ ಇದ್ದರೂ ಆಗುತ್ತಿತ್ತು.

ಇಷ್ಟು ಹೇಳಿ, “ಈಗ ಇದನ್ನ ನಿನ್ನ ಮಿಷನ್ನಿಗೆ ಹಾಕು” ಎಂದೆ.

“ಬೇಡ ಅಜ್ಜಿ.”

“ಇಲ್ಲದ ಆನೆ ಹಾಕಿದವಳಿಗೆ ಇದನ್ನ ಹಾಕಕ್ಕೆ ಏನು?”

ಹಾಕಿದಳು. ಸಂಸೆಯವರ ಪಟ್ಟಿಯಲ್ಲಿ ಜೀಪಿನಲ್ಲಿ ಬಂದವರು. ನಮ್ಮ ಪಟ್ಟಿಯಲ್ಲಿ ಆ ದಿನ ನನ್ನ ಜೊತೆ ಕುಯ್ದವರು. ಅವರ ಮಾತೂ ಸರಿ ಬಂತು, ನನ್ನ ಮಾತೂ ಸರಿ ಬಂತು.

“ನೀವು ಸುಳ್ಳು ಹೇಳಿಲ್ಲ ಅಜ್ಜಿ” ಎಂದಳು. ಏನೋ ಕೊಟ್ಟವಳ ಹಾಗಿತ್ತು ಅವಳ ಮುಖ.

“ನನ್ನ ತಂಗಿ ಎಲ್ಲಿದ್ದಾಳೆ ಇದ್ರಲ್ಲಿ?”

“ಅವರು... ಎರಡು ಪಟ್ಟಿಲೂ ಇಲ್ಲ.”

“ಲೈನು ಮನೇಲಿ ಬೆಳಿಗ್ಗೆ ಎದ್ದು ಹೊರಟವರನ್ನೆಲ್ಲ ಹಾಕಿದ್ರೆ?”

“ಆಗ ತಪ್ಪು ಬರತ್ತೆ. ಆದ್ರೆ ಅದು ಬೇರೆ ಪಟ್ಟಿ ಅಜ್ಜಿ. ಹೇಳುವಾಗ ನಿಮ್ಮ ಮನಸ್ಸಲ್ಲಿ ಯಾವ ಪಟ್ಟಿ ಇತ್ತೋ ಅದೇ ಲೆಕ್ಕಕ್ಕೆ. ಯಾವುದಿತ್ತು?”

ಇದನ್ನು ನನ್ನ ಹತ್ತಿರ ಯಾರೂ ಕೇಳಿರಲಿಲ್ಲ. ಮೇಸ್ತ್ರಿಯೂ ಪೊಲೀಸಿನವರೂ ಆಳು ಕೊಡುವ ಪದ್ಧತಿ ಕೇಳಿದ್ದರು. ನಾನು ಪದ್ಧತಿ ಹೇಳಿದ್ದೆ. ಚಿಕ್ಕಮ್ಮ ಅತ್ತು ಬೈದಾಗಲೂ ಪದ್ಧತಿಯನ್ನೇ ಹೇಳಿದೆ.

ಮೇಸ್ತ್ರಿ ಕೂಗಿದಾಗ ನನಗೆ ತಂಗಿಯ ನೆನಪು ಬಂದಿತ್ತು. ಕಣದಲ್ಲಿ ಒಂದು ಸುತ್ತು ಕಣ್ಣು ಹಾಯಿಸಿದ್ದೆ. ಕಾಣಲಿಲ್ಲ. ಸಂಸೆಯವರನ್ನು ಒಂದು ಮಾತು ಕೇಳಲು ಹತ್ತು ಹೆಜ್ಜೆ ಸಾಕಿತ್ತು. ಅವಳೇ ಮೊದಲು ಬಂದು ಮಾತಾಡಿಸಲಿ ಎಂದು ಸುಮ್ಮನಾದೆ. ಸುಮ್ಮನಾಗಿ, ಎಲ್ಲ ಬಂದ್ವಿ ಎಂದೆ.

ಹುಡುಗಿಗೆ ಇಷ್ಟನ್ನೂ ಹೇಳಿದೆ.

“ಬೆಳಿಗ್ಗೆ ಹೊರಟವರ ಪಟ್ಟಿ ಹಾಕು” ಎಂದೆ.

“ಹಾಕಿದ್ರೆ ನಿಮ್ಮ ಮಾತು ತಪ್ಪು ಅಂತ ಉಳಿಯತ್ತೆ ಅಜ್ಜಿ.”

“ಉಳೀಲಿ.”

ಹಾಕಿದಳು. ನಾನು ಹೇಳಿದ ಹೆಸರುಗಳ ಆ ಸಣ್ಣ ಅಕ್ಷರ ನನ್ನ ಕಣ್ಣಿಗೆ ಹತ್ತುವುದಿಲ್ಲ. ಓದು ಎಂದೆ. ಓದಿದಳು. ಅವಳು ಮೊದಲು ಓದಿದ್ದು ತಂಗಿಯ ಹೆಸರನ್ನು.