ಬುಸುಗುಟ್ಟಿದ ಹುಲ್ಲು

ಅಳಿವಿನಂಚಿನಲ್ಲಿರುವ ಹುಲ್ಲುಗಾವಲು ಗೂಬೆಗಳ ಎಣಿಕೆಗೆಂದು ಹುಣಸೂರಿನ ಸುತ್ತ ಅಲೆಯುತ್ತಿದ್ದೇನೆ. ಇವು ಮರದಲ್ಲಲ್ಲ, ಎತ್ತರದ ಹುಲ್ಲಿನ ನಡುವೆ ನೆಲದ ಮೇಲೇ ಮೊಟ್ಟೆಯಿಡುತ್ತವೆ. ನಿನ್ನೆ ಸಂಜೆ ಕಟ್ಟೆಮಳಲವಾಡಿಯ ಒಂದು ಬೀಳುಹೊಲಕ್ಕೆ ಗೂಬೆಯೊಂದು ಇಲಿ ಹಿಡಿದು ಇಳಿದದ್ದನ್ನು ಕಂಡಿದ್ದೆ. ಇಂದು ಬೆಳಿಗ್ಗೆ ಹೋದರೆ ಅಲ್ಲಿ ಟ್ರ್ಯಾಕ್ಟರ್ ಉಳುತ್ತಿತ್ತು. ಅರ್ಧ ಹುಲ್ಲು ಆಗಲೇ ಮಣ್ಣಿನಡಿ ಸೇರಿತ್ತು.

ಓಡಿಹೋಗಿ ಅಡ್ಡ ನಿಂತೆ. ಹೊಲದ ಯಜಮಾನ ನಿಂಗೇಗೌಡರು ಟ್ರ್ಯಾಕ್ಟರ್ ನಿಲ್ಲಿಸಿ ಇಳಿದರು. ಸದ್ದು ನಿಂತೊಡನೆ ಹುಲ್ಲಿನೊಳಗಿಂದ ಬುಸ್ಸೆಂದು ಕೇಳಿಸಿತು.

“ಅಲ್ಲಾಡ್ಬ್ಯಾಡಿ, ಆವು ಕಣ್ರೀ,” ಎಂದು ಅವರು ದೊಣ್ಣೆ ಎತ್ತಿದರು.

ಗೂಬೆಮರಿಗಳೂ ಹಾವಿನಂತೆ ಬುಸುಗುಡುತ್ತವೆಂದು ಓದಿದ್ದೆ, ಕೇಳಿರಲಿಲ್ಲ. ಮೆಲ್ಲಗೆ ಹುಲ್ಲು ಸರಿಸಿದೆ. ಮೂರು ಮರಿಗಳು ಬಾಯಿ ತೆರೆದು ನಮ್ಮನ್ನೇ ಹೆದರಿಸುತ್ತಿದ್ದವು.

“ಗೂಬೆನಾ? ಮನೆಗಾಗಲ್ಲ ಇವು.” ದೊಣ್ಣೆ ಇಳಿಯಲಿಲ್ಲ.

“ಹೊಲಕ್ಕಾಗ್ತವೆ ಗೌಡ್ರೇ. ಇಲಿ ತಿಂತವೆ.”

ಅವರು ದೊಣ್ಣೆ ಕೆಳಗಿಟ್ಟು ಮರಿಗಳತ್ತ ಬಗ್ಗಿದರು. “ರೆಕ್ಕೆ ಬಲ್ತು ಆರೋಗಂಟ ಇರ್ಲಿ ಬುಡಿ. ಇಷ್ಟಗಲ ಬುಟ್ಟು ಉಳ್ತೀನಿ.”

ಆದರೆ ತಾಯಿ ಮರಳುತ್ತದೆಯೇ? ಸಂಜೆ ಹೆದರುತ್ತಲೇ ಹೋದೆ. ಗೌಡರು ನನಗಿಂತ ಮೊದಲೇ ಬಂದು ಬೇಲಿಯ ಮರೆಯಲ್ಲಿ ಕೂತಿದ್ದರು. ಉಳಿದಿದ್ದ ತುಂಡು ಹುಲ್ಲಿಗೆ ಗೂಬೆ ಸದ್ದಿಲ್ಲದೆ ಇಳಿಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ನನ್ನ ಕೈಯನ್ನು ಗಟ್ಟಿಯಾಗಿ ಅದುಮಿ ಹಿಡಿದರು.