ಗೇಟಿನಲ್ಲಿ ನಾವೇ ಮೊದಲು

ಭಾನುವಾರ, ಬೆಳಿಗ್ಗೆ ಏಳು ಗಂಟೆ. ಲೋಡ್ ಇಲ್ಲದ ದಿನ. ಗುಂಡ್ಲುಪೇಟೆಯ ನಮ್ಮ ಜಗುಲಿಯಲ್ಲಿ ನಾನು, ಸೊಸೆ ನಾಗಮಣಿ, ಡ್ರೈವರ್ ನಂಜುಂಡ. ವಿಷಯ: ಎರಡನೆಯ ಲಾರಿ ಕೊಳ್ಳುವುದೋ ಬೇಡವೋ. ಮಾರುವವರಿಗೆ ಹತ್ತು ಗಂಟೆಯೊಳಗೆ ಉತ್ತರ ಹೇಳಬೇಕು. ಮನೆಯಲ್ಲಿ ಕೂಡಿಟ್ಟ ಹಣ ಒಂದೇ ಕೆಲಸಕ್ಕೆ ಸಾಕು.

ನಾನು ನಾಲ್ಕಕ್ಕೆ ಏಳುವ ಮನುಷ್ಯ. ಕಾಡಿನ ರಸ್ತೆ ರಾತ್ರಿ ಮುಚ್ಚಿರುತ್ತದೆ. ಬೆಳಿಗ್ಗೆ ಗೇಟ್ ತೆಗೆದಾಗ ಕೇರಳದ ಕಡೆ ಮೊದಲು ದಾಟುವ ಟೊಮೆಟೊ ಲಾರಿ ನಮ್ಮದೇ ಆಗಿರಬೇಕು ಎಂಬುದು ನನ್ನ ವ್ರತ. ಹಗ್ಗ ಬಿಗಿಯುವುದರಿಂದ ಹಿಡಿದು ನಂಜುಂಡನ ಫ್ಲಾಸ್ಕಿಗೆ ಟೀ ತುಂಬುವವರೆಗೆ ಎಲ್ಲಕ್ಕೂ ಹೊತ್ತು ಗೊತ್ತುಮಾಡಿದ್ದೇನೆ. ಕಳೆದ ವರ್ಷ ಎರಡೇ ಸಲ ಎರಡನೆಯವರಾದೆವು. ಆ ಎರಡು ದಿನವೂ ನನಗೆ ತಿಂಡಿ ಸೇರಲಿಲ್ಲ.

"ಗೇಟಲ್ಲಿ ನಾವೇ ಮೊದ್ಲು, ಸರಿ ಕಣಿ ಮಾವ," ಎಂದಳು ನಾಗಮಣಿ. "ಆ ಕಡೆ ರೇಟು ಯೋಳೋರು ಯಾರು?"

"ಅಲ್ಲಿನ ವ್ಯಾಪಾರಿಗಳೇ."

"ರೇಟು ಬಿದ್ದ ದಿನ?"

ನಾನು ನಂಜುಂಡನ ಮುಖ ನೋಡಿದೆ. "ಓದ್ ವಾರ ಟೊಮೆಟೊನೆಲ್ಲ ರಸ್ತೆ ಪಕ್ಕ ಸುರಿದ್ಬುಟ್ಟು ಬಂದ್ನಲ್ಲ ಯಜಮಾನ್ರೇ, ಅದ್ರಲ್ಲೂ ನಾವೇ ಮೊದ್ಲು," ಎಂದ.

ಅದೇ ಹಣದಲ್ಲಿ ನಾಗಮಣಿಗೆ ಬೇಕಾದದ್ದು ಅರಿಶಿನ ಬೇಯಿಸಿ ಪಾಲಿಶ್ ಮಾಡುವ ಯಂತ್ರ. ಒಣಗಿದ ಅರಿಶಿನ ಕೊಳೆಯುವುದಿಲ್ಲ ಎಂಬುದು ಅವಳ ವಾದ. ಅದರ ಬೆಲೆಯೂ ಬೀಳುತ್ತದೆ ಎಂದೆ. "ಬಿದ್ರೆ ಬೀಳ್ಲಿ, ಮೂಟೆ ಮೇಲೆ ಕುಂತ್ಕಂಡು ಕಾಯನ."

ಹಿಂದಿನ ರಾಜನೀತಿಯವರು ವ್ಯೂಹ ಹೂಡುವುದನ್ನು ಸೇನಾಪತಿಗೆ ಬಿಡುತ್ತಿದ್ದರಂತೆ. ಯುದ್ಧ ಬೇಕೋ ಬೇಡವೋ ಎಂಬುದು ಅರಮನೆಯ ಒಳಗಿನ ಮಾತು. ನಾನು ಇಷ್ಟು ವರ್ಷ ಬಹಳ ಶಿಸ್ತಿನ ಸೇನಾಪತಿ. ಅರಮನೆ ಮಾತ್ರ ಖಾಲಿ ಬಿದ್ದಿತ್ತು. ಗೇಟನ್ನು ಬೇಗ ದಾಟುವುದು ಹೇಗೆಂದು ದಿನವೂ ಯೋಚಿಸಿದೆ; ಆ ಗೇಟನ್ನೇ ಏಕೆ ದಾಟಬೇಕೆಂದು ಒಂದು ದಿನವೂ ಯೋಚಿಸಲಿಲ್ಲ. ಬೆಳಗಿನ ಜಾವ ಏಳುವವನು ದಾರಿ ತಪ್ಪುವುದಿಲ್ಲ ಎಂದು ನಂಬಿದ್ದೆ. ತಪ್ಪಿದ ದಾರಿಯಲ್ಲೂ ಅವನೇ ಎಲ್ಲರಿಗಿಂತ ಮುಂದಿರುತ್ತಾನೆ, ಅಷ್ಟೇ.

ಹತ್ತಕ್ಕೆ ಹತ್ತು ನಿಮಿಷವಿರುವಾಗ ಫೋನ್ ಮಾಡಿ ಲಾರಿ ಬೇಡವೆಂದೆ. ಯಂತ್ರ ನೋಡಲು ನಾಳೆ ನಾನೂ ನಾಗಮಣಿಯೂ ಹೊರಡುತ್ತೇವೆ. ಹೊಲದಲ್ಲಿರುವ ಟೊಮೆಟೊ ಮುಗಿದ ಮೇಲೆ, ಇರುವ ಲಾರಿ ಅರಿಶಿನದ ಮೂಟೆ ಹೊತ್ತು ಚಾಮರಾಜನಗರದ ರಸ್ತೆ ಹಿಡಿಯಲಿದೆ. "ಅಲ್ಲಿ ಗೇಟೇ ಇಲ್ವಲ್ಲ ಯಜಮಾನ್ರೇ, ಯಾರ್ಗಿಂತ ಮೊದ್ಲು ಓಗನ?" ಎಂದು ನಂಜುಂಡ ಕೇಳಿದ.

ಸಂಜೆ ಒಂದೇ ಕೆಲಸ ಉಳಿದಿತ್ತು. ಅಲಾರಂ ಗಡಿಯಾರ ಕೈಗೆತ್ತಿಕೊಂಡೆ. ಮುಳ್ಳನ್ನು ನಾಲ್ಕರಿಂದ ಐದೂವರೆಗೆ ತಿರುಗಿಸಿ, ಗಡಿಯಾರವನ್ನು ಮೇಜಿನ ಮೇಲಿಟ್ಟೆ.